ಕಾಕಾನ ಫ್ಲಾಪಿಯೊಳಗಿನ ಡಾಸ್ ಆಟ ಹೊಸ ಲ್ಯಾಪ್‌ಟಾಪಿನ್ಯಾಗ ನಡೀತಾವೇನ್ರಿ?

ಪ್ರಶ್ನೆ: ಸರ್ ನಮಸ್ಕಾರ್ರಿ, ನಾವು ಯಾದಗಿರಿ ಜಿಲ್ಲಾ ಶಹಾಪುರದವ್ರು. ನಮ್ಮ ಕಾಕಾ 90ರ ದಶಕದಾಗ ಹೈದರಾಬಾದಿನ್ಯಾಗ ನೌಕರಿಗಿದ್ದಾಗ ತಗೊಂಡಿದ್ದ ಡಾಸ್ (ವಿಂಡೋಸ್‌ಗಿಂತ ಮೊದಲಿನ ಆಪರೇಟಿಂಗ್ ಸಿಸ್ಟಂ) ಆಟಗಳು ಮೊನ್ನೆ ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಸಿಕ್ಕಾವ. ಐ ಆಫ್ ದಿ ಬಿಹೋಲ್ಡರ್ ಫ್ಲಾಪಿಗಳು, ಡ್ಯಾಗರ್‌ಫಾಲ್ ಸೀಡಿ, ಮತ್ತ ಅಲ್ಟಿಮಾ 7 ಒಂದು ಪೆನ್‌ಡ್ರೈವ್‌ನ್ಯಾಗ ಯಾವಾಗೋ ಕಾಪಿ ಮಾಡಿಟ್ಟಿದ್ದು. ಒಂದು ಫ್ಲಾಪಿ ಮ್ಯಾಲ ಕಾಕಾ ಪೆನ್ನಿಲೆ ಸೇವ್ ಅಂತ ಬರದಾರ, ನನ್ನ ನಾಕು ಮಂದಿ ಇನ್ನೂ ಆ ಗುಹೆಯೊಳಗೇ ಅದಾರ ನೋಡು ಅಂತಾರ. ನನ್ನ ಲ್ಯಾಪ್‌ಟಾಪ್ ವಿಂಡೋಸ್ 11, 16 ಜಿಬಿ ರ‍್ಯಾಮ್. ಆಟದ ಫೈಲ್ ಒತ್ತಿದ್ರ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡಿಯಂಗಿಲ್ಲ ಅಂತ ಬರ್ತದ. ಒಬ್ರು ಅಂತಾರ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಎಕ್ಸ್‌ಪಿ ಹಾಕು, ಇನ್ನೊಬ್ರು ಗುಜರಿಯಿಂದ ಹಳೀ ಪೆಂಟಿಯಂ ತಗೋ ಅಂತಾರ, ಮತ್ತೊಬ್ರು ಎಮ್ಯುಲೇಟರ್ (ಹಳೀ ಕಂಪ್ಯೂಟರಿನಂಗ ನಟಿಸೋ ಸಾಫ್ಟ್‌ವೇರ್) ಹಾಕಿದ್ರ ವೈರಸ್ ಬರ್ತದ ಅಂತಾರ. ನಾನು ಡಾಸ್‌ಬಾಕ್ಸ್ ಅನ್ನೋ ಎಮ್ಯುಲೇಟರ್ ಹಾಕಿ ಅಲ್ಟಿಮಾ ನಡೆಸೀನಿ, ಆದ್ರ ಮಂದಿ ಎಲ್ಲಾ ಹುಚ್ಚು ಹಿಡದಂಗ ಓಡ್ತಾರ, ಸಂಗೀತ ವಿಚಿತ್ರ ಬರ್ತದ, ಚಿತ್ರ ಚಪ್ಪಟಿ ಆಗ್ಯದ, ಮೌಸ್ ಹೊರಗ ಬರಂಗಿಲ್ಲ, ಮತ್ತ ನಿನ್ನೆ ಮಾಡಿದ ಸೇವ್ ಇವತ್ತ ಇಲ್ಲ. ಇಷ್ಟೂ ಸಾಲದ್ದಕ್ಕ ಮೊದಲ ಊರಿನ ಮೇಯರ್ ಏನೇನೋ ನಂಬರ್ ಕೇಳ್ತಾನ, ಉತ್ತರ ಹೇಳಿಲ್ಲಂದ್ರ ಊರು ಬಿಟ್ಟು ಹೋಗಾಕ ಬಿಡಂಗಿಲ್ಲ. ಏನ್ ಮಾಡ್ಲಿ?

ಉತ್ತರ: ನಮಸ್ಕಾರ್ರಿ. ಮೊದಲ ಎರಡು ಮಾತು ಹೇಳಿಬಿಡ್ತೀನಿ, ಉಳಿದದ್ದು ಆಮ್ಯಾಲ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಬ್ಯಾಡ್ರಿ, ಅದರ ಅವಶ್ಯಕತೆ ಒಟ್ಟ ಇಲ್ಲ. ಮತ್ತ ಆ ಸೇವ್ ಅಂತ ಬರದ ಫ್ಲಾಪಿ ಇದನ್ನ ಓದಿ ಮುಗಸೋತನಕ ಯಾವ ಡ್ರೈವಿಗೂ ಹಾಕಬ್ಯಾಡ್ರಿ. ನಿಮ್ಮ ಮೂರೂ ಆಟ ನಡೀತಾವ, ಅದರ ಬಗ್ಗೆ ನನಗ ಏನೂ ಸಂಶಯ ಇಲ್ಲ. ಸಂಶಯ ಇರೋದು ಕಾಕಾನ ಸೇವ್ ಬಗ್ಗೆ ಅಷ್ಟೇ, ಯಾಕಂದ್ರ ಆಟ ಇನ್ನೊಂದು ಕಡೆ ಸಿಗ್ತದ, ಆ ಸೇವ್ ಇಡೀ ಜಗತ್ತಿನ್ಯಾಗ ಆ ಒಂದ ಫ್ಲಾಪಿಯೊಳಗ ಅದ. ಕಲಬುರಗಿಯಾಗ ನಾನು ಮಾಡೋ ಕೆಲಸದಾಗ ಹೆಚ್ಚಿನದು ಹಳೀ ಡಿಸ್ಕಿನಿಂದ ಡೇಟಾ ತಗಿಯೋದೇ, ಫೋಟೋ ಇರ್ಲಿ ಲೆಕ್ಕಪತ್ರ ಇರ್ಲಿ, ಡಿಸ್ಕ್ ತಾನಾಗೇ ಕೆಟ್ಟದ್ದಕ್ಕಿಂತ ಆತುರಪಟ್ಟು ಹಾಕಿ ತಗದು ಹಾಕಿ ತಗದು ಕೆಡಿಸಿದ್ದೇ ಹೆಚ್ಚು ಬರ್ತಾವ್ರಿ.

ಹಂಗಾಗಿ ಫ್ಲಾಪಿಯಿಂದ ಶುರು ಮಾಡ್ತೀನಿ. ಮೂರೂವರೆ ಇಂಚಿನ ಫ್ಲಾಪಿ ಹಿಂದ ತಿರುವಿ ಹಿಡಿರಿ, ಮೂಲ್ಯಾಗ ಒಂದು ಸಣ್ಣ ಪ್ಲಾಸ್ಟಿಕ್ ಗುಂಡಿ ಸರೀತದ. ಅದನ್ನ ಸರಿಸಿ ತೂತು ತೆರದು ಆಚೀ ಬದಿ ಬೆಳಕು ಕಾಣಿಸಬೇಕು, ಹಂಗ ಇದ್ರ ಡ್ರೈವ್ ಅದರ ಮ್ಯಾಲ ಏನೂ ಬರಿಯಂಗಿಲ್ಲ, ಬರೇ ಓದ್ತದ. ಆಮ್ಯಾಲ ಮುಂದಿನ ತಗಡಿನ ಮುಚ್ಚಳ ಬೆರಳಿಲೆ ಜರಾ ಸರಿಸಿ, ಒಳಗಿನ ಕರೀ ಹಾಳಿ ಮುಟ್ಟದಂಗ, ಬೆಳಕಿಗೆ ಹಿಡದು ನೋಡ್ರಿ. ನಡುವಿನ ಲೋಹದ ಚಕ್ರ ಮೆಲ್ಲಕ ತಿರುವಿದ್ರ ಹಾಳಿ ತಿರುಗ್ತದ, ಒಂದು ಸುತ್ತು ಪೂರ್ತಿ ನೋಡ್ರಿ. ಎಲ್ಲಾ ಕಡೆ ಒಂದೇ ಸಮ ಕರಗ ಮಿಂಚಿದ್ರ ಚಲೋ. ಬೂದಿ ಬಣ್ಣದ ಚುಕ್ಕಿ, ಬೂಸ್ಟು, ಉಂಗುರದಂಥಾ ಗೀರು ಕಂಡ್ರ ಡ್ರೈವಿಗೆ ಹಾಕಬ್ಯಾಡ್ರಿ, ಯಾಕಂದ್ರ ಒಳಗ ಹಾಳಿ ನಿಮಿಷಕ್ಕ 300 ಸುತ್ತು ತಿರುಗ್ತದ, ಓದೋ ಹೆಡ್ಡು ಅದಕ್ಕ ತಾಗೇ ಇರ್ತದ, ಬೂಸ್ಟು ಹೆಡ್ಡಿಗೆ ಅಂಟ್ಕೊಂಡು ಮೊದಲ ಆ ಫ್ಲಾಪಿ ಕೆರೀತದ, ಆಮ್ಯಾಲ ಹಾಕೋ ಮುಂದಿನ ಫ್ಲಾಪಿನೂ ಕೆರೀತದ. ಅಂಥಾದ್ದು ಇದ್ರ ಮನ್ಯಾಗ ಕೈ ಹಾಕದೆ ಕೆಲಸ ಗೊತ್ತಿದ್ದವರ ಕೈಗೆ ಕೊಡ್ರಿ, ಮೊದಲ ಶುದ್ಧ ಮಾಡಿ ಆಮ್ಯಾಲ ಓದಸಬೇಕಾಗ್ತದ.

ಹಾಳಿ ಸ್ವಚ್ಛ ಇದ್ರ ಒಂದು ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸ್ರಿ, ಆನ್‌ಲೈನ್‌ನ್ಯಾಗ ಸಿಗ್ತಾವ, ವಿಂಡೋಸ್ 11 ಈಗಲೂ ಅದನ್ನ ಗುರ್ತು ಹಿಡೀತದ, ಎ ಡ್ರೈವ್ ಅಂತ ತೋರಿಸ್ತದ. ಮೊದಲ ಕೆಲಸಕ್ಕ ಬಾರದ್ದೊಂದು ಫ್ಲಾಪಿ ಹಾಕಿ ಡ್ರೈವ್ ಸರಿ ಅದನೋ ಇಲ್ಲೋ ಪರೀಕ್ಷೆ ಮಾಡ್ಕೋರಿ, ಆಮ್ಯಾಲ ಆಟದ ಫ್ಲಾಪಿ, ಕಟ್ಟಕಡೀಗೆ ಸೇವ್ ಫ್ಲಾಪಿ. ವಿಂಡೋಸ್ ಏನರೆ ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು ಅಂತ ಕೇಳಿದ್ರ ಬ್ಯಾಡ ಅನ್ರಿ, ನೂರು ಸಲ ಕೇಳಿದ್ರೂ ಬ್ಯಾಡ ಅನ್ರಿ. ಫೈಲ್ ಒಂದೊಂದಾಗಿ ಕಾಪಿ ಮಾಡೋಕಿಂತ ಇಡೀ ಫ್ಲಾಪಿದ ಇಮೇಜ್, ಅಂದ್ರ ಇದ್ದಕ್ಕಿದ್ದಂಗ ಒಂದೇ ಫೈಲಿನ ನಕಲು, ತಗಿಯೋದು ಚಲೋ, ವಿನ್‌ಇಮೇಜ್ ಅಂಥಾ ಸಾಫ್ಟ್‌ವೇರ್‌ದಿಂದ ಆಗ್ತದ, ಲಿನಕ್ಸ್ ಗೊತ್ತಿದ್ರ ಡಿಡಿರೆಸ್ಕ್ಯೂ ಇನ್ನೂ ಚಲೋ ಯಾಕಂದ್ರ ಅದು ಓದಾಕ ಬಂದದ್ದೆಲ್ಲಾ ಮೊದಲ ತಗೊಂಡು ಇಟ್ಟು ತ್ರಾಸ ಕೊಡೋ ಜಾಗಕ್ಕ ಆಮ್ಯಾಲ ವಾಪಸ್ ಬರ್ತದ. ಎರಡು ಮೂರು ಸಲ ಟರ್ ಟರ್ ಅಂತ ಒಂದೇ ಕಡೆ ನಿಂತ್ರ ಬಿಟ್ಟುಬಿಡ್ರಿ. ಗ್ರೀಸ್‌ವೀಝಲ್ ಅಂತ ಒಂದು ಸಣ್ಣ ಬೋರ್ಡ್ ಅದ, ಹಳೀ ಪಿಸಿಯ ಫ್ಲಾಪಿ ಡ್ರೈವಿಗೆ ಜೋಡಿಸಿ ಇನ್ನೊಂದು ಬದಿ ಯುಎಸ್‌ಬಿಗೆ ಹಚ್ಚೋದು, ಅದು ಫೈಲ್ ಓದಂಗಿಲ್ಲ, ಹಾಳಿ ಮ್ಯಾಲಿನ ಕಾಂತದ ಏರಿಳಿತ ಇದ್ದಂಗ ಎತ್ಕೊಂಡು ಬರ್ತದ. ಸಾದಾ ಡ್ರೈವ್ ಸೋತಲ್ಲಿ ಅದು ಗೆದ್ದಿದ್ದು ಅದ, ಹಂಗಂತ ಎಲ್ಲಾ ಸಲ ಗೆಲ್ತದ ಅಂತಲ್ಲ. ನಮ್ಮ ಕಡಿ ಬಿಸಿಲಿಗೆ ಅಟ್ಟದ ಮ್ಯಾಲಿನ ಟ್ರಂಕು ಫ್ಲಾಪಿಗೆ ಭಾಳ ಕೆಟ್ಟ ಜಾಗ ನೋಡ್ರಿ, ಇವತ್ತೇ ಕೆಳಗ ಇಳಿಸಿ ಮನಿಯೊಳಗಿನ ತಂಪು ಕಪಾಟಿನ್ಯಾಗ ಇಡ್ರಿ, ಸ್ಪೀಕರ್ ಹತ್ರ ಮಾತ್ರ ಬ್ಯಾಡ.

ಇಮೇಜ್ ಬಂತಂದ್ರ ಒಳಗ ಇಒಬಿಡೇಟಾ ಅನ್ನೋ ಹೆಸರಿನ ಫೈಲ್ ಹುಡುಕ್ರಿ, ಹಿಂದ ಎಸ್‌ಎವಿ ಅಂತ ಇರ್ತದ, ಅದೇ ಕಾಕಾನ ನಾಕು ಮಂದಿ. ಇಲ್ಲೊಂದು ಅಪಾಯ ಅದ, ಇದನ್ನ ಯಾರೂ ಹೇಳಂಗಿಲ್ಲ ಅಂತ ಒತ್ತಿ ಹೇಳ್ತೀನಿ. ಐ ಆಫ್ ದಿ ಬಿಹೋಲ್ಡರ್ ಮೊದಲ ಭಾಗದಾಗ ಸೇವ್ ಮಾಡಾಕ ಒಂದೇ ಒಂದು ಜಾಗ ಇರೋದು. ನೀವು ಆ ಫೈಲ್ ಆಟದ ಫೋಲ್ಡರಿಗೆ ಹಾಕಿ, ನೋಡೋಣು ಅಂತ ಹೊಸ ಪಾರ್ಟಿ, ಅಂದ್ರ ಆಟದೊಳಗಿನ ನಾಕು ಮಂದಿಯ ತಂಡ, ಮಾಡಿ ನಾಕು ಹೆಜ್ಜಿ ಆಡಿ ಸೇವ್ ಒತ್ತಿದ್ರ ಕಾಕಾನ ಪಾರ್ಟಿ ಅಲ್ಲಿಗೇ ಮುಗೀತು, ಆಟ ಹಳೇದರ ಮ್ಯಾಲೇ ಬರದುಬಿಡ್ತದ. ಹಂಗಾಗಿ ಆ ಫೈಲ್ ಮೊದಲ ಲ್ಯಾಪ್‌ಟಾಪಿನ್ಯಾಗ ಒಂದು, ಪೆನ್‌ಡ್ರೈವ್‌ನ್ಯಾಗ ಒಂದು, ಇಮೇಲ್‌ನ್ಯಾಗ ಒಂದು ಇಡ್ರಿ, ಎಷ್ಟು ಸಣ್ಣ ಫೈಲ್ ಅಂದ್ರ ವಾಟ್ಸಾಪ್ ಫೋಟೋಕಿಂತ ಸಣ್ಣದು.

ಇನ್ನ ವಿಂಡೋಸ್ ಯಾಕ ನಡೆಸವಲ್ದು ಅನ್ನೋದು. ಫೈಲ್ ಕೆಟ್ಟಿಲ್ರಿ, ಲ್ಯಾಪ್‌ಟಾಪಿನ್ಯಾಗೂ ಏನೂ ಕೊರತಿ ಇಲ್ಲ. ಡಾಸ್ ಆಟ ಶುರು ಆಗೋದೇ 16 ಬಿಟ್ ಪ್ರೋಗ್ರಾಂ ಆಗಿ. ಹಿಂದಿನ 32 ಬಿಟ್ ವಿಂಡೋಸ್ ಒಳಗ ಎನ್‌ಟಿವಿಡಿಎಂ ಅಂತ ಒಂದು ಭಾಗ ಇತ್ತು, ಅದು ಪ್ರೊಸೆಸರಿನ ವರ್ಚುವಲ್ 8086 ಅನ್ನೋ ಸೌಲಭ್ಯ ಬಳಸಿ ಡಾಸ್ ಪ್ರೋಗ್ರಾಂಗಳನ್ನ ನಡೆಸ್ತಿತ್ತು. ಪ್ರೊಸೆಸರ್ 64 ಬಿಟ್ ಮೋಡಿನ್ಯಾಗ ಇದ್ದಾಗ ಆ ಸೌಲಭ್ಯ ಇರಂಗಿಲ್ಲ, ಅದಕ್ಕ 64 ಬಿಟ್ ವಿಂಡೋಸಿನ್ಯಾಗ ಎನ್‌ಟಿವಿಡಿಎಂ ಕೊಡಲಿಲ್ಲ, ಮತ್ತ 2021ರಾಗ ಬಂದ ವಿಂಡೋಸ್ 11 ಬರೇ 64 ಬಿಟ್. ಹಂಗಾಗಿ ಕಂಪ್ಯಾಟಿಬಿಲಿಟಿ ಮೋಡ್ ಹಚ್ಚಿದ್ರೂ ಅಷ್ಟೇ, ರೈಟ್ ಕ್ಲಿಕ್ ಮಾಡಿ ವಿಂಡೋಸ್ 95 ಅಂತ ಆರಿಸಿದ್ರೂ ಅಷ್ಟೇ, ರ‍್ಯಾಮ್ ಹೆಚ್ಚು ಮಾಡಿದ್ರೂ ಅಷ್ಟೇ.

ಎಕ್ಸ್‌ಪಿ ಹಾಕು ಅಂದವರ ಮಾತು ಹತ್ತು ಹದಿನೈದು ವರ್ಷದ ಹಿಂದ ಅರ್ಧ ಖರೇ ಇತ್ತು. ಈಗ ನಿಮ್ಮ ಲ್ಯಾಪ್‌ಟಾಪಿಗೆ ಎಕ್ಸ್‌ಪಿ ಡ್ರೈವರ್ ಸಿಗಂಗಿಲ್ಲ, ಹೊಸ ಎಸ್‌ಎಸ್‌ಡಿ ಅದಕ್ಕ ಕಾಣಸಂಗೇ ಇಲ್ಲ, ಮೈಕ್ರೋಸಾಫ್ಟ್ ಅದರ ಸುರಕ್ಷಾ ಅಪ್‌ಡೇಟ್ ಏಪ್ರಿಲ್ 2014ಕ್ಕ ನಿಲ್ಲಿಸ್ಯದ, ಬ್ಯಾಂಕು ನೌಕರಿ ಫಾರ್ಮು ಎಲ್ಲಾ ಅದೇ ಲ್ಯಾಪ್‌ಟಾಪಿನ್ಯಾಗ ಮಾಡೋರು ನೀವು. ಇಷ್ಟೆಲ್ಲಾ ಮಾಡಿ ಎಕ್ಸ್‌ಪಿ ಬಂದ್ರೂ ಅದರೊಳಗಿನ ಡಾಸ್ ಆಟಕ್ಕ ಧ್ವನಿನೂ ಬರೋಬ್ಬರಿ ಬರ್ತಿದ್ದಿಲ್ಲ, ವೇಗನೂ ಹಿಡತಕ್ಕ ಸಿಗ್ತಿದ್ದಿಲ್ಲ.

ಗುಜರಿ ಪೆಂಟಿಯಂ ಬಗ್ಗೆ ನಾನು ಬ್ಯಾಡ ಅನ್ನಂಗಿಲ್ಲ, ಖರೇ ಸೌಂಡ್ ಬ್ಲಾಸ್ಟರ್ ಕಾರ್ಡು, ದಪ್ಪ ಮಾನಿಟರು, ಟಕ್ ಟಕ್ ಅನ್ನೋ ಕೀಬೋರ್ಡು, ಅದರ ಸುಖಾನೇ ಬ್ಯಾರೆ. ಆದ್ರ ಅದು ಆಟ ಆಡೋ ದಾರಿ ಅಲ್ಲ, ಅದೊಂದು ಬ್ಯಾರೆ ಹವ್ಯಾಸ. ಬೋರ್ಡಿನ ಕೆಪಾಸಿಟರ್ ಉಬ್ಬಿರ್ತಾವ, ಬ್ಯಾಟರಿ ಸೋರಿ ಬೋರ್ಡ್ ತಿಂದಿರ್ತದ, ಹಳೀ ಹಾರ್ಡ್ ಡಿಸ್ಕ್ ಯಾವತ್ತ ನಿಲ್ತದ ಗೊತ್ತಿಲ್ಲ, ನಮ್ಮ ಕಡಿ ಕರೆಂಟ್ ಹೋಗಿ ಬಂದಾಗಿನ ಹೊಡತಕ್ಕ ಹಳೀ ಪವರ್ ಸಪ್ಲೈ ತಡಿಯಂಗಿಲ್ಲ. ದಪ್ಪ ಮಾನಿಟರ್ ಮಾತ್ರ ಸ್ವಂತ ಬಿಚ್ಚಬ್ಯಾಡ್ರಿ, ಪ್ಲಗ್ ತಗದ ಮ್ಯಾಲೂ ಒಳಗ ಸಾವಿರಾರು ವೋಲ್ಟ್ ಉಳದಿರಬಹುದು. ಪೆನ್‌ಡ್ರೈವಿಗೆ ಫ್ರೀಡಾಸ್ ಅನ್ನೋ ಪುಕ್ಕಟೆ ಡಾಸ್ ಹಾಕಿ ಲ್ಯಾಪ್‌ಟಾಪ್ ಸೀದಾ ಡಾಸ್‌ನ್ಯಾಗ ಎಬ್ಬಿಸೋಣು ಅಂತ ಕೆಲವರು ಹೋಗ್ತಾರ, ಈಗಿನ ಎಷ್ಟೋ ಲ್ಯಾಪ್‌ಟಾಪಿನ್ಯಾಗ ಹಳೀ ಬಯೋಸ್ ಬೂಟೇ ಇರಂಗಿಲ್ಲ, ಎದ್ರೂ ಆಟ ಹುಡುಕೋ ಸೌಂಡ್ ಕಾರ್ಡ್ ಅದರಾಗ ಇಲ್ಲ, ವೇಗಾನೂ ಹತೋಟಿಗೆ ಬರಂಗಿಲ್ಲ. ಅದು ಬಿಡ್ರಿ.

ನೀವು ಹಿಡದ ದಾರೀನೇ ಬರೋಬ್ಬರಿ. ಡಾಸ್‌ಬಾಕ್ಸ್ 2002ರಿಂದ ಅದ, ಪುಕ್ಕಟೆ, ಸೋರ್ಸ್ ಕೋಡ್ ಎಲ್ಲರಿಗೂ ತೆರದದ್ದು. ಆಟಕ್ಕ ಬೇಕಾದ ಹಳೀ ಪ್ರೊಸೆಸರು, ವಿಜಿಎ ಅನ್ನೋ ಚಿತ್ರದ ಕಾರ್ಡು, ಸೌಂಡ್ ಬ್ಲಾಸ್ಟರು, ಮೌಸು, ಸೀಡಿ ಡ್ರೈವು ಇಷ್ಟನ್ನೂ ಸಾಫ್ಟ್‌ವೇರಿನ್ಯಾಗ ಕಟ್ಟಿ ಕೊಡ್ತದ. ಆಟಕ್ಕ ತಾನು 2020ರ ನಂತರದ ಲ್ಯಾಪ್‌ಟಾಪಿನ್ಯಾಗ ಅದೀನಿ ಅನ್ನೋದು ಗೊತ್ತೇ ಆಗಂಗಿಲ್ಲ. ನೀವು ಹೇಳಿದ ಒಂದೊಂದು ತ್ರಾಸೂ ಇಲ್ಲೇ ಬರ್ತದ, ಆಟ ಯಾವ ಮಷೀನ್ ಕೇಳ್ತದೋ ಆ ಮಷೀನ್ ನಾವು ಕೊಟ್ಟಿಲ್ಲ, ಅಷ್ಟೇ.

ವೈರಸ್ ಮಾತು ಪೂರ್ತಿ ಸುಳ್ಳಲ್ಲ, ಆದ್ರ ಅದು ಡಾಸ್‌ಬಾಕ್ಸಿಂದ ಬರಂಗಿಲ್ಲ, ಡಾಸ್‌ಬಾಕ್ಸ್ ಹೆಸರು ಹೇಳಿ ಏನರೆ ಕೊಡೋ ಸೈಟಿನಿಂದ ಬರ್ತದ. ಅಧಿಕೃತ ಸೈಟಿನ 0.74-3 ಆವೃತ್ತಿಯ ವಿಂಡೋಸ್ ಇನ್‌ಸ್ಟಾಲರ್ ಎರಡು ಎಂಬಿಗಿಂತ ಕಡಿಮಿ. ಅದೇ ಹೆಸರಿನ್ಯಾಗ ಐವತ್ತು ನೂರು ಎಂಬಿ ಇಳೀತು, ಮೊದಲ ಡೌನ್‌ಲೋಡ್ ಮ್ಯಾನೇಜರ್ ಹಾಕ್ಕೋ ಅಂತು ಅಂದ್ರ ತಕ್ಷಣ ಡಿಲೀಟ್ ಮಾಡ್ರಿ. ಹೊಸದಾಗಿ ಶುರು ಮಾಡೋರಿಗೆ ನಾನು ಡಾಸ್‌ಬಾಕ್ಸ್ ಸ್ಟೇಜಿಂಗ್ ಹೇಳ್ತೀನಿ, ಅದೇ ಕೋಡಿನಿಂದ ಕವಲೊಡೆದು ಬೆಳದದ್ದು, ಅದು ಗಾತ್ರದಾಗ ದೊಡ್ಡದೇ ಇರ್ತದ, ಗಾಬರಿ ಬ್ಯಾಡ, ಅದನ್ನೂ ಅದರ ಅಧಿಕೃತ ಸೈಟಿನಿಂದಷ್ಟೇ ತಗೋರಿ. ಹಳೀ ಫ್ಲಾಪಿಯೊಳಗೇ ಆ ಕಾಲದ ವೈರಸ್ ಇದ್ರ? ಬೂಟ್ ಸೆಕ್ಟರ್ ವೈರಸ್ ನಿಮ್ಮ ವಿಂಡೋಸಿಗೆ ಏನೂ ಮಾಡಾಕ ಆಗಂಗಿಲ್ಲ, ಆದ್ರ ಫೈಲಿಗೆ ಅಂಟೋ ಡಾಸ್ ವೈರಸ್ ನೀವು ಡಾಸ್‌ಬಾಕ್ಸಿಗೆ ಕೊಟ್ಟ ಫೋಲ್ಡರಿನೊಳಗಿನ ಫೈಲ್ ಕೆಡಿಸಬಹುದು. ಅದಕ್ಕ ಇಡೀ ಸಿ ಡ್ರೈವ್ ಮೌಂಟ್ ಮಾಡಬಾರದು, ಅಂದ್ರ ಡಾಸ್‌ಬಾಕ್ಸಿನ ಕೈಗೆ ಕೊಡಬಾರದು, ಡಾಸ್‌ಬಾಕ್ಸೇ ಬ್ಯಾಡಪ್ಪ ಅಂತ ಎಚ್ಚರಿಕಿ ಕೊಡ್ತದ, ನಮ್ಮ ಮಂದಿ ಓದಂಗಿಲ್ಲ.

ನಿಮ್ಮ ಸೇವ್ ಕಾಣೆಯಾದದ್ದಕ್ಕೂ ಇದಕ್ಕೂ ಸಂಬಂಧ ಅದ ಅಂತ ನನ್ನ ಅಂದಾಜು. ಡಾಸ್‌ಬಾಕ್ಸಿನ ಒಳಗಿನ ಸಿ ಡ್ರೈವ್ ಅಂದ್ರ ನೀವು ಮೌಂಟ್ ಮಾಡಿದ ಫೋಲ್ಡರ್, ಬ್ಯಾರೇನಲ್ಲ. ಒಂದಿನ ಪೆನ್‌ಡ್ರೈವಿನ ಫೋಲ್ಡರ್ ಮೌಂಟ್ ಮಾಡಿ ಆಡಿ, ಮರುದಿನ ಡೆಸ್ಕ್‌ಟಾಪಿನ ಕಾಪಿ ಮೌಂಟ್ ಮಾಡಿದ್ರ ಎರಡೂ ಸಿ ಅಂತೇ ಕಾಣ್ತಾವ, ಸೇವ್ ಮಾತ್ರ ಒಂದರಾಗ ಇರ್ತದ. ಇನ್ನೊಂದು ಕಾರಣ, ಆಟ ಪ್ರೋಗ್ರಾಂ ಫೈಲ್ಸ್ ಒಳಗ ಇದ್ರ ಅಲ್ಲಿ ಬರಿಯಾಕ ವಿಂಡೋಸ್ ಬಿಡಂಗಿಲ್ಲ, ಬರದದ್ದನ್ನ ವರ್ಚುವಲ್‌ಸ್ಟೋರ್ ಅನ್ನೋ ಫೋಲ್ಡರಿನ್ಯಾಗ ಮುಚ್ಚಿಡ್ತದ. ಡೆಸ್ಕ್‌ಟಾಪ್ ಒನ್‌ಡ್ರೈವ್‌ಗೆ ಸಿಂಕ್ ಆಗ್ತಿದ್ರ ಅದೂ ಗೊಂದಲ ಮಾಡ್ತದ. ಪರಿಹಾರ ಸಾದಾ ಅದ. ಡಿ ಡ್ರೈವಿನ್ಯಾಗೋ ಸಿ ಡ್ರೈವಿನ್ಯಾಗೋ ಡಾಸ್‌ಗೇಮ್ಸ್ ಅಂತ ಒಂದು ಫೋಲ್ಡರ್, ಇಂಗ್ಲಿಷ್ ಅಕ್ಷರದಾಗ, ನಡುವ ಜಾಗ ಬಿಡದೆ. ಅದರೊಳಗ ಒಂದೊಂದು ಆಟಕ್ಕ ಎಂಟಕ್ಷರ ಮೀರದ ಹೆಸರಿನ ಒಂದೊಂದು ಫೋಲ್ಡರ್, ಯಾಕಂದ್ರ ಡಾಸಿಗೆ ಎಂಟಕ್ಷರ ಮತ್ತ ಚುಕ್ಕಿ ಆದ ಮ್ಯಾಲ ಮೂರಕ್ಷರ ಅಷ್ಟೇ ಗೊತ್ತು. ಆಮ್ಯಾಲ ಡಾಸ್‌ಬಾಕ್ಸಿನ ಸೆಟ್ಟಿಂಗ್ ಎಲ್ಲಾ ಇರೋ ಕಾನ್ಫಿಗ್ ಫೈಲಿನ ಕೊನೀಗೆ ಆಟೋಎಕ್ಸೆಕ್ ಅಂತ ಇರ್ತದಲ್ಲ, ಅಲ್ಲಿ ಮೌಂಟ್ ಸಾಲು ಒಮ್ಮೆ ಬರದಿಟ್ರ ಪ್ರತಿ ಸಲ ಟೈಪ್ ಮಾಡೋದೂ ಬ್ಯಾಡ, ಬ್ಯಾರೆ ಫೋಲ್ಡರ್ ಕೊಟ್ಟೆನೇನೋ ಅನ್ನೋ ಸಂಶಯನೂ ಬ್ಯಾಡ. ಹುಡುಕಿ ನೋಡ್ರಿ, ನಿಮ್ಮ ನಿನ್ನಿ ಸೇವ್ ಆ ಪೆನ್‌ಡ್ರೈವ್‌ನ್ಯಾಗೇ ಇರಬೇಕು.

ಮಂದಿ ಓಡೋದು ಈಗ. ಅಲ್ಟಿಮಾ 7 ಬಂದದ್ದು 1992ರಾಗ, 386 ಪ್ರೊಸೆಸರ್ ಬೇಕು ಅಂತಿತ್ತು, ಅದರ ಮ್ಯಾಲೂ ತಿಣುಕ್ತಿತ್ತು. ಹಂಗಾಗಿ ಬರದವರು ವೇಗಕ್ಕ ಕಡಿವಾಣನೇ ಹಾಕಲಿಲ್ಲ, ಪ್ರೊಸೆಸರ್ ಎಷ್ಟು ಓಡಿಸ್ತದೋ ಅಷ್ಟು ಓಡಲಿ ಅಂತ ಬಿಟ್ರು. ಹೆಜ್ಜಿ ಎಣಿಸಿ ಹೊತ್ತು ಹೇಳೋ ಮನುಷ್ಯಾನ್ನ ಮೋಟಾರ್ ಸೈಕಲ್ ಮ್ಯಾಲ ಕೂಡಿಸಿದಂಗ ಆಗ್ಯದ ಈಗ. ಡಾಸ್‌ಬಾಕ್ಸಿನ್ಯಾಗ ಸೈಕಲ್ಸ್ ಅಂತ ಒಂದು ಸೆಟ್ಟಿಂಗ್ ಅದ, ಅದೇ ಪ್ರೊಸೆಸರಿನ ವೇಗ. ಅದು ಮ್ಯಾಕ್ಸ್ ಅಂತ ಇದ್ರ ನಿಮ್ಮ ಲ್ಯಾಪ್‌ಟಾಪಿನ ಪೂರಾ ಶಕ್ತಿ ಆಟಕ್ಕ ಹೋಗ್ತದ. ಮ್ಯಾಕ್ಸ್ ತಗದು ಫಿಕ್ಸೆಡ್ 12000 ಅಂತ ಬರದು ಶುರು ಮಾಡ್ರಿ, ಹೆಚ್ಚು ಕಡಿಮಿ 33 ಮೆಗಾಹರ್ಟ್ಸಿನ 486ರ ಆಸುಪಾಸು ಅದು. ಆಡಕೋತ ಕಂಟ್ರೋಲ್ ಒತ್ತಿ ಹಿಡದು ಎಫ್11 ಒತ್ತಿದ್ರ ನಿಧಾನ ಆಗ್ತದ, ಎಫ್12 ಒತ್ತಿದ್ರ ಜೋರು. ಊರಿನ ಬೀದ್ಯಾಗ ನಿಂತು ಓಡಾಡೋ ಮಂದಿ ನೋಡ್ರಿ, ಮನುಷ್ಯಾರಂಗ ನಡದ್ರ ಅಲ್ಲಿಗೆ ಬಿಡ್ರಿ, ವಿಂಡೋದ ಮ್ಯಾಲಿನ ಪಟ್ಟಿಯೊಳಗ ಕಾಣೋ ನಂಬರ್ ಕಾನ್ಫಿಗ್‌ನ್ಯಾಗ ಬರದಿಟ್ಕೋರಿ. ಬಿಹೋಲ್ಡರಿಗೆ ಇಷ್ಟು ಹೊಂದಾಣಿಕಿ ಬೇಕಾಗಂಗಿಲ್ಲ, ಡ್ಯಾಗರ್‌ಫಾಲ್ ಉಲ್ಟಾ, ಅದು 1996ರ ಆಟ, 3ಡಿ, ಅದಕ್ಕ ಪೆಂಟಿಯಂ ಮಟ್ಟದ ಸೈಕಲ್ಸ್ ಬೇಕು, ಇದೇ 12000 ಕೊಟ್ರ ಆಮೆ ಆಗ್ತದ. ಅದಕ್ಕೇ ಒಂದೊಂದು ಆಟಕ್ಕ ಒಂದೊಂದು ಕಾನ್ಫಿಗ್ ಫೈಲ್ ಇಡ್ರಿ ಅನ್ನೋದು.

ಅಲ್ಟಿಮಾ 7ಕ್ಕ ಇನ್ನೊಂದು ಹಟ ಅದ, ಮೆಮೊರಿ. ಆ ಕಾಲದಾಗ ಎಲ್ಲಾರೂ ಹಾಕ್ಕೋತಿದ್ದ ಇಎಂಎಂ386 ಅನ್ನೋ ಮೆಮೊರಿ ಪ್ರೋಗ್ರಾಂ ಇದ್ರ ಅದು ಏಳತಿದ್ದೇ ಇಲ್ಲ, ತಂದೇ ಆದ ವೂಡೂ ಅನ್ನೋ ಮೆಮೊರಿ ವ್ಯವಸ್ಥಾ ಇಟ್ಕೊಂಡಿತ್ತು. ಕಾಕಾನ ಕೇಳ್ರಿ, ಈ ಆಟಕ್ಕಂತೇ ಬ್ಯಾರೆ ಬೂಟ್ ಡಿಸ್ಕ್ ಮಾಡ್ಕೊಂಡಿದ್ದು ಅವರಿಗೆ ನೆನಪಿರಬಹುದು. ಡಾಸ್‌ಬಾಕ್ಸಿನ್ಯಾಗ ಮೆಮೊರಿ ತಕರಾರು ಬಂದ್ರ ಕಾನ್ಫಿಗ್‌ನ್ಯಾಗಿನ ಇಎಂಎಸ್ ಸಾಲು ಫಾಲ್ಸ್ ಮಾಡಿ ನೋಡ್ರಿ.

ಮೌಸ್ ಹೊರಗ ಬರಬೇಕಂದ್ರ ಕಂಟ್ರೋಲ್ ಎಫ್10. ಒತ್ತೋ ಮುಂದ ಬೆರಳು ನೋಡಿ ಒತ್ರಿ, ಯಾಕಂದ್ರ ಮಗ್ಗಲಿನ ಕಂಟ್ರೋಲ್ ಎಫ್9 ಒತ್ತಿದ್ರ ಡಾಸ್‌ಬಾಕ್ಸ್ ಆ ಕ್ಷಣಕ್ಕೇ ಬಂದ್ ಆಗ್ತದ, ಸೇವ್ ಮಾಡೀರೇನು ಅಂತ ಯಾರೂ ಕೇಳಂಗಿಲ್ಲ. ಭಾಳ ಲ್ಯಾಪ್‌ಟಾಪಿನ್ಯಾಗ ಎಫ್ ಕೀಗಳು ಧ್ವನಿ ಬೆಳಕು ಹೆಚ್ಚು ಕಡಿಮಿ ಮಾಡಾಕ ಇರ್ತಾವ, ಅಂಥಲ್ಲಿ ಎಫ್‌ಎನ್ ಕೀನೂ ಕೂಡಿಸಿ ಒತ್ತಬೇಕು. ಬಿಹೋಲ್ಡರ್ ಆಡೋ ಮುಂದ ಇನ್ನೊಂದು ಅಡಚಣಿ ಬರ್ತದ, ಅದರಾಗ ನಡಿಯೋದು ತಿರುಗೋದು ನಂಬರ್ ಪ್ಯಾಡಿನ್ಯಾಗ, 7 ಒತ್ತಿದ್ರ ಎಡಕ್ಕ 9 ಒತ್ತಿದ್ರ ಬಲಕ್ಕ ತಿರುಗ್ತದ, ಸಣ್ಣ ಲ್ಯಾಪ್‌ಟಾಪಿಗೆ ಆ ಪ್ಯಾಡೇ ಇರಂಗಿಲ್ಲ. ಕಂಟ್ರೋಲ್ ಎಫ್1 ಒತ್ತಿದ್ರ ಕೀಬೋರ್ಡಿನ ಚಿತ್ರ ತೆರೀತದ, ಪ್ಯಾಡಿನ 7 ಮ್ಯಾಲ ಕ್ಲಿಕ್ ಮಾಡಿ ಆ್ಯಡ್ ಒತ್ತಿ ನಿಮಗ ಬೇಕಾದ ಕೀ ಕೊಟ್ಟು ಸೇವ್ ಮಾಡ್ರಿ. ಇಲ್ಲಂದ್ರ ಒಂದು ಯುಎಸ್‌ಬಿ ಕೀಬೋರ್ಡ್ ಹಚ್ಚಿಬಿಡ್ರಿ, ಅದೇ ಸುಖ.

ಚಿತ್ರ ಚಪ್ಪಟಿ ಆಗೋದಕ್ಕ ಕಾರಣ, ಆ ಆಟ 320 ಬೈ 200 ಚುಕ್ಕಿಯಾಗ ಬರದದ್ದು, ಆದ್ರ ಅದನ್ನ ನೋಡ್ತಿದ್ದ ಮಾನಿಟರ್ 4:3. ಅಂದ್ರ ಒಂದೊಂದು ಚುಕ್ಕಿನೂ ಅಗಲಕ್ಕಿಂತ ಎತ್ತರ 1.2 ಪಟ್ಟು ಇರ್ತಿತ್ತು, ಚಿತ್ರ ಬರದವರೂ ಹಂಗೇ ನೋಡಕೋತ ಬರದದ್ದು. ಆ್ಯಸ್ಪೆಕ್ಟ್ ಅನ್ನೋ ಸಾಲು ಟ್ರೂ ಮಾಡ್ರಿ, ಸ್ಟೇಜಿಂಗ್‌ನ್ಯಾಗ ಅದು ಮೊದಲೇ ಸರಿ ಇರ್ತದ. 1920 ಬೈ 1080 ಪರದೆ ಮ್ಯಾಲ ಆಟ 1440 ಅಗಲಕ್ಕ ನಿಂತು ಎರಡೂ ಬಾಜೂ ಕರೀ ಪಟ್ಟಿ ಉಳೀತಾವ, ಅದು ಉಳೀಬೇಕು, ಪರದೆ ತುಂಬ ಎಳದ್ರ ಬೀಹೋಲ್ಡರ್ ಅನ್ನೋ ಆ ಗುಂಡನ ಕಣ್ಣಿನ ಪ್ರಾಣಿ ಕುಂಬಳಕಾಯಿ ಆಗ್ತದ.

ಸಂಗೀತ ವಿಚಿತ್ರ ಬರೋದಕ್ಕ ಕಾರಣ ಬಹುಶಃ ಆಟದ ಇನ್‌ಸ್ಟಾಲ್ ಮೆನುದಾಗ ರೋಲ್ಯಾಂಡ್ ಅಂತ ಆರಿಸಿರೋದು. 1987ರಾಗ ರೋಲ್ಯಾಂಡ್ ಕಂಪನಿ ಎಂಟಿ-32 ಅನ್ನೋ ಸಂಗೀತದ ಪೆಟ್ಟಿಗಿ ತಂದಿತ್ತು, ಆ ಕಾಲದ ದೊಡ್ಡ ದೊಡ್ಡ ಆಟಗಳ ಸಂಗೀತ ಅದಕ್ಕಂತೇ ಬರದದ್ದು. ಅದರ ವಾದ್ಯಗಳ ನಂಬರೇ ಬ್ಯಾರೆ, ವಿಂಡೋಸಿನ ಮಿಡಿ ಸಿಂಥಸೈಜರ್ ನಂಬರೇ ಬ್ಯಾರೆ, ಹಂಗಾಗಿ ಕೊಳಲು ಇರಬೇಕಾದಲ್ಲಿ ಬ್ಯಾರೆ ಏನೋ ಬಾರಸ್ತದ. ಸುಲಭ ಅಂದ್ರ ಇನ್‌ಸ್ಟಾಲ್ ಮತ್ತೊಮ್ಮೆ ನಡೆಸಿ ಸಂಗೀತಕ್ಕ ಆ್ಯಡ್‌ಲಿಬ್ ಇಲ್ಲಾ ಸೌಂಡ್ ಬ್ಲಾಸ್ಟರ್, ಮಾತಿಗೆ ಸದ್ದಿಗೆ ಸೌಂಡ್ ಬ್ಲಾಸ್ಟರ್ ಆರಿಸ್ರಿ. ಕೇಳಿದ್ರ ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1, ಡಾಸ್‌ಬಾಕ್ಸಿನ್ಯಾಗ ಮೊದಲಿಂದ ಇರೋದು ಅವೇ. ಎಂಟಿ-32 ಸ್ವರದಾಗ ಅಲ್ಟಿಮಾ 7 ಕೇಳೋದು ನಿಜಕ್ಕೂ ಬ್ಯಾರೆ ಅನುಭವ, ಸ್ಟೇಜಿಂಗ್‌ನ್ಯಾಗ ಅದರ ಎಮ್ಯುಲೇಶನ್ ಕೂಡ ಅದ, ಆದ್ರ ಅದಕ್ಕ ಆ ಪೆಟ್ಟಿಗಿಯ ರೋಮ್ (ಒಳಗಿನ ಚಿಪ್ಪಿನ ನಕಲು) ಫೈಲ್ ಬೇಕು, ಅವುಗಳ ಹಕ್ಕು ರೋಲ್ಯಾಂಡ್‌ದು, ಅದಕ್ಕ ಡಾಸ್‌ಬಾಕ್ಸ್ ಜೊತಿ ಬರಂಗಿಲ್ಲ.

ಡ್ಯಾಗರ್‌ಫಾಲ್ ಸೀಡಿ ಬಗ್ಗೆ ಹೆಚ್ಚು ತಲಿ ಕೆಡಿಸ್ಕೋಬ್ಯಾಡ್ರಿ. ಅದನ್ನ ಮಾಡಿದ ಬೆಥೆಸ್ಡಾ ಕಂಪನಿ ಆ ಆಟನ 2009ರಾಗೇ ಪುಕ್ಕಟೆ ಮಾಡ್ಯದ, ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡ್ಯಾಗ ಈಗಲೂ ಪುಕ್ಕಟೆ ಸಿಗ್ತದ. ಅದರ ಫೈಲ್ ಬಳಸಿ ಹೊಸದಾಗಿ ಕಟ್ಟಿದ ಡ್ಯಾಗರ್‌ಫಾಲ್ ಯೂನಿಟಿ ಅಂತ ಅದ, ಅದಕ್ಕ ಡಾಸ್‌ಬಾಕ್ಸೇ ಬ್ಯಾಡ, ನೆಲದಾಗ ತೂತು ಬಿದ್ದಂಗ ಆಟಗಾರ ಕೆಳಗ ಜಾರಿ ಬೀಳೋ ಹಳೀ ರೋಗನೂ ಅದರಾಗ ಕಾಡಂಗಿಲ್ಲ. ಹಂಗೇ ಅಲ್ಟಿಮಾ 7ಕ್ಕ ಎಕ್ಸಲ್ಟ್, ಬಿಹೋಲ್ಡರ್ ಮೊದಲೆರಡು ಭಾಗಕ್ಕ ಸ್ಕಮ್‌ವಿಎಂ ಅದಾವ, ಇವೆಲ್ಲಾ ಆಟದ ಮೂಲ ಡೇಟಾ ಫೈಲ್ ತಗೊಂಡು ಎಂಜಿನ್, ಅಂದ್ರ ಆಟ ನಡೆಸೋ ಪ್ರೋಗ್ರಾಂ, ಮಾತ್ರ ತಮ್ಮದು ಹಾಕ್ತಾವ. ಅಲ್ಟಿಮಾ 7 ಮೊದಲ ಸಲ ಆಡೋರಿಗೆ ನಾನು ಎಕ್ಸಲ್ಟೇ ಹೇಳ್ತೀನಿ, ವೇಗ ಮೆಮೊರಿ ಎರಡೂ ಜಗಳ ಅಲ್ಲಿ ಇಲ್ಲ. ಆದ್ರ ಕಾಕಾನ ಸೇವ್ ತೆರಿಯಾಕ ಮೂಲ ಆಟನ ಡಾಸ್‌ಬಾಕ್ಸಿನ್ಯಾಗ ನಡೆಸ್ರಿ, ಅದು ಬರದ ಫೈಲ್ ಅದೇ ಓದಿದ್ರ ಚಲೋ. ಬ್ಯಾರೆ ಯಾವುದರೆ ಸೀಡಿ ಆಟ ಇದ್ರ ಇಮೇಜ್ ತಗಿಯೋ ಮುಂದ ಐಎಸ್‌ಒ ಬ್ಯಾಡ, ಕ್ಯೂ ಮತ್ತ ಬಿನ್ ಜೋಡಿ ತಗೀರಿ, ಸಂಗೀತ ಸೀಡಿ ಟ್ರ್ಯಾಕಿನ್ಯಾಗ ಇದ್ರ ಐಎಸ್‌ಒದಾಗ ಅದು ಬರಂಗೇ ಇಲ್ಲ.

ಕಾನೂನಿನ ಮಾತೂ ಕೇಳ್ರಿ, ಯಾಕಂದ್ರ ಹಳೀ ಆಟ ಅಂದ್ರ ಅಬಾಂಡನ್‌ವೇರ್ (ಮಾಲಕರು ಕೈಬಿಟ್ಟದ್ದು), ಯಾರರೆ ಇಳಿಸ್ಕೋಬಹುದು ಅಂತ ನಂಬಿದವರು ಭಾಳ. ಅಂಥಾ ವರ್ಗ ಕಾನೂನಿನ್ಯಾಗ ಇಲ್ಲ. 1957ರ ಕಾಪಿರೈಟ್ ಕಾಯ್ದೆದಾಗ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿ ಅಂತೇ ಲೆಕ್ಕ, 90ರ ದಶಕದ ಆಟದ ಹಕ್ಕು ಇನ್ನೂ ಜೀವಂತ ಅದ. ಅದೇ ಕಾಯ್ದೆಯ ಕಲಂ 52(1)(ಎಎ) ನಿಮ್ಮಂಥಾ ಕಾನೂನುಬದ್ಧ ಮಾಲಕರಿಗೆ ನಷ್ಟ ಆಗದಂಗ ಬ್ಯಾಕಪ್ ಕಾಪಿ ಮಾಡ್ಕೊಳ್ಳಾಕ ಅವಕಾಶ ಕೊಡ್ತದ, ಹಂಗಾಗಿ ಕಾಕಾ ದುಡ್ಡು ಕೊಟ್ಟು ತಗೊಂಡ ಫ್ಲಾಪಿಯ ಇಮೇಜ್ ಮನ್ಯಾಗ ಇಟ್ಕೊಳ್ಳೋದಕ್ಕ ಹೆದರಬ್ಯಾಡ್ರಿ, ಅದನ್ನ ಊರಿಗೆಲ್ಲಾ ಹಂಚೋದು ಬ್ಯಾರೆ ಮಾತು. ಫ್ಲಾಪಿ ಕೈ ಕೊಟ್ರೂ ಬಿಹೋಲ್ಡರ್ ಮೂರೂ ಭಾಗ, ಅಲ್ಟಿಮಾ 7 ಎಲ್ಲಾ ಗಾಗ್ (GOG) ಅನ್ನೋ ಆನ್‌ಲೈನ್ ಅಂಗಡ್ಯಾಗ ಮಾರಾಟಕ್ಕ ಅದಾವ, ಡಾಸ್‌ಬಾಕ್ಸ್ ಮೊದಲೇ ಜೋಡಿಸಿ ಕೊಡ್ತಾರ, ಸೇಲ್ ಇದ್ದಾಗ ಭಾಳ ಅಗ್ಗ. ನನ್ನ ಕೇಳಿದ್ರ ಆಟ ಅಲ್ಲಿಂದ ತಗೋರಿ, ದುಡಿಮಿ ಎಲ್ಲಾ ಆ ಸೇವ್ ಫ್ಲಾಪಿ ಮ್ಯಾಲ ಹಾಕ್ರಿ.

ಕಡೀಗೆ ಆ ಮೇಯರ್. ಅವನ ಹೆಸರು ಫಿನ್ನಿಗನ್, ಊರು ಟ್ರಿನ್ಸಿಕ್. ಆಟ ಕೆಟ್ಟಿಲ್ಲ, ಅವನು ಕೇಳೋದು ಕಾಪಿ ಪ್ರೊಟೆಕ್ಷನ್. ಆ ಕಾಲದಾಗ ಫ್ಲಾಪಿ ಕಾಪಿ ಮಾಡೋದು ಸುಲಭ, ಪುಸ್ತಕ ಝೆರಾಕ್ಸ್ ಮಾಡೋದು ತ್ರಾಸ ಅಂತ ಕಂಪನಿಗಳು ಪೆಟ್ಟಿಗಿಯೊಳಗಿನ ಪುಸ್ತಕ ನಕ್ಷೆ ನೋಡೇ ಉತ್ತರ ಹೇಳೋ ಪ್ರಶ್ನೆ ಇಡ್ತಿದ್ರು. ಅವನು ಕೇಳೋ ನಂಬರು ಆಟದ ಪುಸ್ತಕದಾಗ ಮತ್ತ ಬಟ್ಟಿ ನಕ್ಷೆಯ ಅಂಚಿನ ಡಿಗ್ರಿದಾಗ ಅದಾವ. ಟ್ರಂಕು ಇನ್ನೊಮ್ಮೆ ಜಾಡಿಸಿ ನೋಡ್ರಿ, ಬಟ್ಟಿ ಮ್ಯಾಲ ಅಚ್ಚಾದ ನಕ್ಷೆ ಅದು, ಯಾರರೆ ಕರ್ಚೀಫ್ ಅಂತ ತಿಳದು ಬ್ಯಾರೆ ಕಡೆ ಇಟ್ಟಿರಬಹುದು. ಸಿಗಲಿಲ್ಲಂದ್ರ ಗಾಗ್ ಕಾಪಿ ಜೊತಿ ಪುಸ್ತಕ ನಕ್ಷೆ ಎರಡೂ ಪಿಡಿಎಫ್‌ನ್ಯಾಗ ಬರ್ತಾವ. ಬಿಹೋಲ್ಡರ್ ಕೂಡ ಹಿಂಗೇ ಪುಸ್ತಕದೊಳಗಿನ ಶಬ್ದ ಕೇಳ್ತದ, ಅಲ್ಲಿ ಒಂದು ಎಚ್ಚರ, ಬ್ಯಾರೆ ಮುದ್ರಣದ ಪುಸ್ತಕ ಇದ್ರ ಪುಟ ಸಾಲು ಕೂಡಂಗಿಲ್ಲ, ಯಾವ ಕಾಪಿ ಆಡ್ತೀರೋ ಅದರ ಜೊತಿ ಬಂದ ಪುಸ್ತಕಾನೇ ಮುಂದ ಇಟ್ಕೋರಿ.